ಸೈಬರ್ ಸೆಂಟರಿನ ಗೋಡೆ ಗಡಿಯಾರ

ಪೊಲೀಸರು ಹೇಳಿದ್ದನ್ನು ನಂಬಬಾರದು ಅನ್ನುವುದು ಕಾಲೇಜಿನಲ್ಲಿ ನನ್ನ ಖಾಯಂ ನಿಲುವು. ಚರ್ಚಾಸ್ಪರ್ಧೆಗೆ ನಾನೂ ನನ್ನ ಗೆಳತಿಯೂ ಜೋಡಿ. ವಿಷಯ ಯಾವುದಾದರೂ ಸರಿ, ‘ವಿರೋಧ’ ಅಂತ ಚೀಟಿ ಬಂದರೆ ನಮಗೆ ಹಬ್ಬ. ಹಾಸನ, ಅರಕಲಗೂಡು, ಎಲ್ಲಿ ಮೈಕ್ ಕಟ್ಟಿದರೂ ಹೋಗಿ ಸರ್ಕಾರವನ್ನು ಬೈದು ಸ್ಟೀಲ್ ಲೋಟ ಗೆದ್ದು ಬರುತ್ತಿದ್ದೆವು. ಆ ಲೋಟಗಳೇ ಅವಳ ವಿರುದ್ಧ ಸಾಕ್ಷಿಗೆ ನಿಲ್ಲುತ್ತವೆ ಅಂತ ಯಾರಿಗೆ ಗೊತ್ತಿತ್ತು?

ಎರಡು ಸಾವಿರದ ದಶಕದ ನಡುಭಾಗ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಯ ಮಗ್ಗುಲಿಗೇ ನನ್ನ ಚಿಕ್ಕಪ್ಪನ ಸೈಬರ್ ಸೆಂಟರ್. ಗೆಳತಿ ಹೊಳೆನರಸೀಪುರದ ದಾರಿಯ ಹಳ್ಳಿಯವಳು. ಡಿಗ್ರಿ ಮುಗಿಸಿ, ಬ್ಯಾಂಕಿನ ಕೆಲಸಕ್ಕೆ ಆಯ್ಕೆಯಾಗಿದ್ದಳು; ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಕೂಲಿಯಲ್ಲೇ ಬೆಳೆದ ಮನೆಯಲ್ಲಿ ತಿಂಗಳ ಸಂಬಳ ನೋಡುವ ಮೊದಲನೆಯವಳು ಅವಳೇ ಆಗಬೇಕಿತ್ತು. ಆರ್ಡರ್ ಬಂತೇನೋ ಅಂತ ದಿನಾ ಬಂದು ಇಮೇಲ್ ನೋಡಿ, ನಾಲ್ಕೂವರೆಯ ಬಸ್ಸಿಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ಡೆಲ್ಲಿಯ ಯಾವುದೋ ಸರ್ಕಾರಿ ಕಚೇರಿಗೆ ಬಾಂಬ್ ಇಟ್ಟಿದ್ದೇವೆ ಅಂತ ಒಂದು ಇಮೇಲ್ ಹೋಯಿತು. ಬಾಂಬೂ ಇರಲಿಲ್ಲ, ಏನೂ ಇರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕೇಂದ್ರದ ತನಿಖಾ ಅಧಿಕಾರಿಯೊಬ್ಬರು ನೇರವಾಗಿ ಚಿಕ್ಕಪ್ಪನ ಅಂಗಡಿ ಮುಂದೆ ಜೀಪ್ ನಿಲ್ಲಿಸಿದರು. ನಮ್ಮ ನೆಂಟರೇ ಎರಡು ಸಲ ದಾರಿ ಕೇಳಿ ಹುಡುಕುತ್ತಿದ್ದ ಅಂಗಡಿ ಅದು! ಇಮೇಲಿನ ಜೊತೆ ಒಂದು ನಂಬರ್ ಹೋಗಿರುತ್ತದಂತೆ. ಆ ನಂಬರ್ ಆ ನಿಮಿಷಕ್ಕೆ ಯಾವ ಟೆಲಿಫೋನ್ ಲೈನಿನಲ್ಲಿತ್ತು ಅಂತ ಟೆಲಿಫೋನಿನವರು ಹೇಳುತ್ತಾರಂತೆ. ಕಣ್ಣಿಗೆ ಕಾಣದ ಒಂದು ಮಾತು ಪರದೇಶದ ಯಂತ್ರಗಳನ್ನೆಲ್ಲ ಸುತ್ತಿ ಹೋಗಿದ್ದರೂ ಅದರ ಹೆಜ್ಜೆ ಹಿಡಿದು ಕಾಯಿ ಮಂಡಿಯ ತನಕ ಬಂದಿದ್ದರು. ನನ್ನ ಸಂಶಯಕ್ಕೆ ಬಿದ್ದ ಮೊದಲ ಏಟು ಅದು.

“ನಾಲ್ಕು ಇಪ್ಪತ್ತಕ್ಕೆ ಹೋಗಿದೆ. ಆಗ ಯಾರು ಕೂತಿದ್ದರು?” ಅಧಿಕಾರಿ ಕೇಳಿದರು.

ಇದ್ದ ಎರಡು ಕಂಪ್ಯೂಟರಿನಲ್ಲಿ ಒಂದು ಆ ದಿನ ಕೆಟ್ಟಿತ್ತು. ಚಿಕ್ಕಪ್ಪ ಸುಳ್ಳು ಹೇಳುವ ಜನ ಅಲ್ಲ; ಎಂದಿನಂತೆ ಇಮೇಲ್ ನೋಡಲು ಬಂದು ಬೆಂಚಿನ ಮೇಲೆ ಕೂತಿದ್ದ ಗೆಳತಿಯತ್ತ ಕೈ ತೋರಿಸಿದರು. “ನಾಲ್ಕೂವರೆ ತನಕ ಈ ಹುಡುಗಿ ಸಾರ್. ಗಡಿಯಾರ ನೋಡಿ ನಾನೇ ಎಬ್ಬಿಸಿದೆ, ಬಸ್ ಹೋಗುತ್ತೆ ಏಳಮ್ಮ ಅಂತ. ಅವಳು ಎದ್ದಮೇಲೆ ಒಬ್ಬ ಹುಡುಗ ಬಂದು ಕೂತ.”

ಮಂಡಿಯ ಯಜಮಾನ ಬಾಗಿಲಲ್ಲೇ ನಿಂತಿದ್ದ. “ಇವ್ಳೇ ಕಣ್ ಸಾ. ಮೈಕ್ ಸಿಕ್ರೆ ಸರ್ಕಾರನ ಉಗ್ದು ಉಪ್ಪಾಕ್ಬುಡ್ತಾಳೆ. ಲೋಟ ಬ್ಯಾರೆ ಕೊಡ್ತಾರೆ ಅದ್ಕೆ!”

ಎದುರಾಳಿಗೆ ಉಸಿರಾಡಲು ಬಿಡದ ಗೆಳತಿ ದುಪಟ್ಟದ ತುದಿ ಸುತ್ತುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

“ಸಾರ್, ನಂಬರ್ ಅಂದ್ರೆ ಮನುಷ್ಯ ಅಲ್ಲ. ಅದು ಅಂಗಡಿ ತೋರಿಸುತ್ತೆ, ಕೂತವರನ್ನಲ್ಲ.”

“ನಾನೂ ಅದನ್ನೇ ಹೇಳೋದು,” ಅಂದರು. “ನಂಬರ್ ಬಾಗಿಲ ತನಕ ಕರ್ಕೊಂಡು ಬರುತ್ತೆ. ಒಳಗೆ ಯಾರಿದ್ರು ಅನ್ನೋದೇ ನಮ್ಮ ಕೆಲಸ.”

ಎದುರಾಳಿ ಒಪ್ಪಿಬಿಟ್ಟರೆ ವಾದ ಮಾಡುವವರ ಗತಿಯೇನು, ಹೇಳಿ! ಇನ್ನೊಂದು ಬಾಣ ಬಿಟ್ಟೆ: “ಕಂಪ್ಯೂಟರ್ ತಗೊಂಡು ಹೋಗಿ ನೀವೇ ಏನಾದ್ರೂ ಸೇರಿಸಿದ್ರೆ?”

“ಏ, ಸುಮ್ನಿರೇ!” ಚಿಕ್ಕಪ್ಪ ಬೆವರಿದರು.

ಅಧಿಕಾರಿ ಸಿಟ್ಟಾಗಲಿಲ್ಲ. ತಮ್ಮ ಲ್ಯಾಪ್‌ಟಾಪಿನಲ್ಲಿ ನನ್ನ ಆ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಒಂದು ಬಟನ್ ಒತ್ತಿದರೆ ಅಕ್ಷರ, ಅಂಕಿ ಕಲಸಿದ ಒಂದು ಉದ್ದನೆಯ ಸಾಲು ಬಂತು. ಕೊನೆಯ ಪ್ರಶ್ನೆಚಿಹ್ನೆ ಅಳಿಸಿ ಮತ್ತೆ ಒತ್ತಿದರು. ಇಡೀ ಸಾಲೇ ಬೇರೆ! ಕಂಪ್ಯೂಟರಿನ ಡಿಸ್ಕಿಗೂ ಇಂಥದೇ ಒಂದು ಬೆರಳಚ್ಚು ತೆಗೆದು, ಸಾಕ್ಷಿಗೆ ಕರೆದ ಪಂಚರ ಮುಂದೆ ಬರೆದಿಟ್ಟು, ನಕಲು ಮಾಡಿಕೊಂಡು ಆ ನಕಲಿನಲ್ಲೇ ಹುಡುಕುತ್ತಾರಂತೆ. ಒಂದು ಚುಕ್ಕೆ ಸೇರಿಸಿದರೂ ಕೋರ್ಟಿನಲ್ಲಿ ಅಂಕಿ ಹೊಂದುವುದಿಲ್ಲ. ನನ್ನನ್ನು ನಂಬು ಅಂತ ಕೇಳದ ಪೊಲೀಸರನ್ನು ನಾನು ಅದೇ ಮೊದಲು ನೋಡಿದ್ದು.

ಪಂಚರು ಬಂದರು. ಅಧಿಕಾರಿ ಡಿಸ್ಕ್ ಮುಟ್ಟುವ ಮೊದಲು ಪರದೆಯ ಮೂಲೆಯಲ್ಲಿದ್ದ ಟೈಮ್ ನೋಡಿದರು. ಆಮೇಲೆ ರೇಡಿಯೋ ಸಮಯಕ್ಕೆ ಹೊಂದಿಸಿಕೊಂಡಿದ್ದ ತಮ್ಮ ಕೈಗಡಿಯಾರ.

“ಇದು ಕಾಲು ಗಂಟೆ ಮುಂದಿದೆ. ಯಾಕೆ?”

“ಒಳಗಿನ ಸೆಲ್ ಸತ್ತಿದೆ ಸಾರ್. ಕರೆಂಟ್ ಹೋದಾಗೆಲ್ಲ ಟೈಮ್ ಕೆಡುತ್ತೆ. ಅದನ್ನ ನೋಡಿ ನಾನೇ ಸರಿಮಾಡ್ತೀನಿ,” ಚಿಕ್ಕಪ್ಪ ಗೋಡೆ ತೋರಿಸಿದರು.

ಅಧಿಕಾರಿ ಗೋಡೆ ಗಡಿಯಾರದ ಕೆಳಗೆ ಹೋಗಿ ನಿಂತರು. “ಇದೂ ಮುಂದಿದೆಯಲ್ಲ?”

“ಅದು ಮುಂದೇ ಇರೋದು ಸಾರ್! ಇಲ್ದಿದ್ರೆ ಯಾರಿಗೆ ಬಸ್ ಸಿಗುತ್ತೆ?”

ಮಂಡಿಯ ಯಜಮಾನನೂ ನಕ್ಕ. “ನಮ್ದೂ ಅಂಗೇ ಮಡಗಿರಾದು ಸಾ.”

ನಗು ಅರ್ಧಕ್ಕೇ ನಿಂತುಹೋಯಿತು. ಆ ಗೋಡೆಯ ನಾಲ್ಕೂವರೆ ಅಂದರೆ ನಿಜದಲ್ಲಿ ನಾಲ್ಕೂಕಾಲು. ಇಮೇಲ್ ಹೋಗುವ ಹೊತ್ತಿಗೆ ಅವಳು ಬಸ್ ಸ್ಟ್ಯಾಂಡಿನ ದಾರಿಯಲ್ಲಿದ್ದಳು. ಬೀದಿಗೆಲ್ಲ ಗೊತ್ತಿದ್ದ ಸಂಗತಿ; ಗೊತ್ತಿದ್ದದ್ದಕ್ಕೇ ಯಾರೂ ಹೇಳಿರಲಿಲ್ಲ, ವಾದ ಮಾಡಿ ಮಾಡಿ ಲೋಟ ಗೆದ್ದ ನಾನೂ ಸೇರಿ.

“ಹಾಗಾದ್ರೆ ಇವಳಲ್ಲ ಅಂತ ಆಯ್ತಲ್ಲ ಸಾರ್!”

“ಇನ್ನೂ ಆಗಿಲ್ಲಮ್ಮ. ಡಿಸ್ಕ್ ಏನು ಹೇಳುತ್ತೆ ನೋಡ್ಬೇಕು,” ಅಂದರು. ನಮ್ಮ ಪರವಾಗಿ ಬಂದದ್ದನ್ನೂ ಅವರು ಸುಮ್ಮನೆ ನಂಬಲಿಲ್ಲ. ಆ ಕ್ಷಣ ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ.

ಡಿಸ್ಕ್ ಅದನ್ನೇ ಹೇಳಿತು. ಅವಳು ತನ್ನ ಇಮೇಲ್ ಮುಚ್ಚಿ ಎದ್ದ ಮೇಲೆ ಬೆದರಿಕೆ ಹೋಗಿದ್ದ ಖಾತೆ ತೆರೆದಿತ್ತು. ಅದನ್ನು ತೆರೆದಿದ್ದ ಹುಡುಗನನ್ನೂ ಹಿಡಿದರು. ಡೆಲ್ಲಿಯ ಬಾಂಬಿನ ಸುದ್ದಿಗೆ ಹೊರಟವರು ಕಾಯಿ ಮಂಡಿಯ ಪಕ್ಕದ ಗೋಡೆ ಗಡಿಯಾರವನ್ನು ತಲೆಯೆತ್ತಿ ನೋಡದೆ ಹೋಗಿದ್ದರೆ?

ಚಿಕ್ಕಪ್ಪ ಹೆದರಿ ಗಡಿಯಾರ ಸರಿಮಾಡಿದರು. ಆ ವಾರವೆಲ್ಲ ಬೀದಿಯವರು ಬಸ್ ತಪ್ಪಿಸಿಕೊಂಡು ಅವರಿಗೇ ಬೈದರು. ಮುಳ್ಳು ಮತ್ತೆ ಮುಂದೆ ಹೋಯಿತು. ಗೆಳತಿ ಬ್ಯಾಂಕಿಗೆ ಸೇರಲು ಹೊರಟ ದಿನ ಸ್ಟೂಲ್ ಹತ್ತಿ, ಗಡಿಯಾರದ ಕೆಳಗೆ ದುಂಡಕ್ಷರದ ಒಂದು ಚೀಟಿ ಅಂಟಿಸಿದಳು: ‘ಇದು ಕಾಲು ಗಂಟೆ ಮುಂದಿದೆ.’

“ಇದನ್ನ ಓದಿದ್ರೆ ಜನ ನಿಧಾನ ಮಾಡ್ತಾರಲ್ಲೇ!” ಅಂದರು ಚಿಕ್ಕಪ್ಪ.

“ಮಾಡ್ಲಿ ಬಿಡಿ ಚಿಕ್ಕಪ್ಪ,” ಅಂದಳು, ಬಸ್ಸಿಗೆ ಓಡುತ್ತಾ.