ಗೆಸ್ಟ್ ಪ್ಲೇಯರ್‌ಗೆ ಬಿಸಿ ರೊಟ್ಟಿ, ಮನೆ ಹುಡುಗಿಗೆ ಬೆಂಚು

ನನ್ನ ಮೊಮ್ಮಗಳ ಜಾಗದಲ್ಲಿ ಆಡಲು ಬಂದ ಹುಡುಗಿಗೆ ನಾನೇ ಕೈಯಾರೆ ರೊಟ್ಟಿ ಬಡಿದು ಹಾಕಿದೆ. ಸಾಕು ಅಂದರೂ ಬಿಡದೆ ಇನ್ನೊಂದು ಹಾಕಿದೆ. ಮೇಲೆ ಬೆಣ್ಣೆ ಬೇರೆ.

ಯಾರಿಗೆ ಗೊತ್ತಿತ್ತು?

ಮೊದಲಿನಿಂದ ಹೇಳುತ್ತೇನೆ. (ಹೋದ ವಾರ ಈ ಅಂಕಣದಲ್ಲಿ ಮಿಕ್ಸರ್ ಬಗ್ಗೆ ಬರೆದದ್ದು ಅರ್ಧಕ್ಕೇ ನಿಂತಿತು ಎಂದು ಕೆಲವರು ದೂರಿದ್ದೀರಿ. ಮಿಕ್ಸರೂ ಅರ್ಧಕ್ಕೇ ನಿಂತಿತ್ತು. ನಾನೇನು ಮಾಡಲಿ?)

ನಮ್ಮ ನರೋಣಾದಲ್ಲಿ ಹುಡುಗಿಯರ ಫುಟ್‌ಬಾಲ್ ಟೀಮ್ ಇದೆ. ಕಬಡ್ಡಿ ಆಗಿದ್ದರೆ ನನಗೂ ಸ್ವಲ್ಪ ತಿಳಿಯುತ್ತಿತ್ತು. ಇದರಲ್ಲಿ ಒಂದು ಚೆಂಡಿನ ಹಿಂದೆ ಇಷ್ಟು ಮಂದಿ ಓಡುವುದು ಯಾಕೆ, ಎಲ್ಲರಿಗೂ ಒಂದೊಂದು ಕೊಡಿಸಬಾರದೇ ಎಂದು ಮೊದಮೊದಲು ಅನ್ನಿಸಿತ್ತು. ಈಗ ತಿಳಿಯುತ್ತದೆ. ನನ್ನ ಮಗನ ಮಗಳು ಅಶ್ವಿನಿ ಆ ಟೀಮಿನಲ್ಲಿದ್ದಾಳೆ. ಎಡಗಡೆ ಮುಂದೆ ಆಡುತ್ತಾಳೆ. ಶಾಲೆಯಿಂದ ಬಂದವಳು ಚಹಾ ಕುಡಿಯುವುದಕ್ಕೂ ನಿಲ್ಲದೆ ಗ್ರೌಂಡಿಗೆ ಓಡುತ್ತಾಳೆ. ತೊಗರಿ ರಾಶಿ ಇರಲಿ, ಮನೆಗೆ ಬೀಗರು ಬರಲಿ, ಪ್ರ್ಯಾಕ್ಟೀಸ್ ತಪ್ಪಿಸಿದವಳಲ್ಲ.

ಕೋಚ್ ಚಂದ್ರಕಾಂತ ಊರಿನವನೇ. ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸಂಜೆಯಾದರೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಬರುತ್ತಾನೆ. ಒಳ್ಳೆಯವನು. (ಒಳ್ಳೆಯವರ ಜೊತೆ ಜಗಳ ಆಡುವುದು ಬಹಳ ಕಷ್ಟ. ಸಿಟ್ಟು ಮಧ್ಯದಲ್ಲೇ ಆರಿಹೋಗುತ್ತದೆ.)

ಆಳಂದದಲ್ಲಿ ಭಾನುವಾರ ಟೂರ್ನಮೆಂಟಿನ ಮ್ಯಾಚ್ ಇತ್ತು. ಶನಿವಾರ ಚಂದ್ರಕಾಂತ ಫೋನ್ ಮಾಡಿದ.

"ಆಯಿ, ಅಂದೋಲಾದಿಂದ ಒಬ್ಬಾಕಿ ಹುಡುಗಿ ಬರಾಕತ್ತಾಳ್ರಿ. ರೇಣುಕಾ ಅಂತ. ಗೆಸ್ಟ್ ಪ್ಲೇಯರ್. ಒಂದ್ ದಿನ ನಿಮ್ಮ ಮನ್ಯಾಗ ಇರ್ಲೇನ್ರಿ?"

"ಇರ್ಲಿ ಬಿಡೋ. ಹುಡುಗಿ ಏನು ಮನಿ ಹೊತ್ಕೊಂಡು ಹೋಗ್ತಾಳೇನು?" ಅಂದೆ.

ಈ ಟೂರ್ನಮೆಂಟಿನಲ್ಲಿ ಹೊರಗಿನ ಒಬ್ಬಿಬ್ಬರನ್ನು ಸೇರಿಸಿಕೊಳ್ಳಲು ರೂಲ್ಸ್ ಇದೆಯಂತೆ. ಕದ್ದು ಮುಚ್ಚಿ ಮಾಡಿದ್ದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಚಂದ್ರಕಾಂತ ಪೇಪರ್ ಹಿಡಿದುಕೊಂಡು ಮನೆಗೆ ಬರುತ್ತಾನೆ.

ರೇಣುಕಾ ಬಂದಳು. ಜೇವರ್ಗಿ ಕಡೆಯ ಹುಡುಗಿ, ಎತ್ತರದವಳು, ಮಾತು ಕಡಿಮೆ. ನಮ್ಮ ಮನೆಯಲ್ಲಿ ಬಂದವರು ಮೊದಲು ಉಣ್ಣಬೇಕು, ಮನೆಯವರು ಆಮೇಲೆ. ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ? ಅವಳಿಗೆ ತಾಟು ಇಟ್ಟೆ. ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಅಶ್ವಿನಿಯೂ ತಾಟು ತಂದು ಪಕ್ಕಕ್ಕೆ ಕೂತಳು.

"ಏಳ್ ಬೇ," ಅಂದೆ. "ಮೊದ್ಲು ಬಂದಾಕಿ ಉಣ್ಲಿ. ನಿಂದೇನು, ಯಾವಾಗರೆ ಉಂಡರ ಆತು."

ಎದ್ದಳು. ಹೊಟ್ಟೆ ಹಸಿದಿತ್ತು, ಆದರೂ ಎದ್ದಳು. ಇಂಥ ವಿಷಯಕ್ಕೆ ನಮ್ಮ ಮನೆಯಲ್ಲಿ ಯಾರೂ ವಾದ ಮಾಡುವುದಿಲ್ಲ.

ಮರುದಿನ ಮ್ಯಾಚ್ ನೋಡಲು ನಾನೂ ಟೆಂಪೋ ಹತ್ತಿದೆ. ಸೀಟಿ ಊದಿದರು. ನಮ್ಮ ಹುಡುಗಿಯರು ಒಳಗೆ ಓಡಿದರು. ರೇಣುಕಾ ಎಡಗಡೆ ಮುಂದೆ ನಿಂತಳು. ಅಶ್ವಿನಿ ಬೆಂಚಿನ ಮೇಲೆ ಕೂತಳು. ಆಮೇಲೆ ಕರೆಯುತ್ತಾರೆ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿದ್ದಳು ಎಂದು ಕಾಣುತ್ತದೆ, ಪದೇಪದೇ ಬೂಟಿನ ಲೇಸ್ ಬಿಚ್ಚಿ ಕಟ್ಟುತ್ತಿದ್ದಳು. ಮಧ್ಯೆ ಬಿಡುವು ಕೊಟ್ಟಾಗ ಉಳಿದವರಿಗೆ ನೀರಿನ ಬಾಟಲಿ ಹಂಚಿದಳು. ಮತ್ತೆ ಬಂದು ಕೂತಳು. ಆಟ ಮುಗಿಯಿತು. ನಾವು ಗೆದ್ದೆವು. ಅವಳು ಚಪ್ಪಾಳೆ ತಟ್ಟಿದಳು.

ಮನೆಗೆ ಬಂದ ಮೇಲೆ ನನ್ನ ಸೊಸೆ ಕೇಳಿದಳು, "ಆಟದ ಬಟ್ಟಿ ಕೊಡು, ನೆನೆ ಹಾಕ್ತೀನಿ."

"ಎದಕ್ಕ?" ಅಂದಳು ಅಶ್ವಿನಿ. "ಹೊಲಸೇ ಆಗಿಲ್ಲ."

ಅಷ್ಟೇ ಅಂದದ್ದು. ಅತ್ತಿದ್ದರೆ ಸುಮ್ಮನಿರು ಎಂದು ಗದರಿಸುತ್ತಿದ್ದೆ. ಅಳಲಿಲ್ಲವಾದ್ದರಿಂದ ಮರುದಿನ ಸಂಜೆ ನಾನೇ ಗ್ರೌಂಡಿಗೆ ಹೋಗಬೇಕಾಯಿತು.

ಚಂದ್ರಕಾಂತ ಚೆಂಡುಗಳಿಗೆ ಗಾಳಿ ಹೊಡೆಯುತ್ತಿದ್ದ. ಕುರ್ಚಿ ತರಿಸಲು ಹೋದ. ಬೇಡ ಅಂದೆ.

"ಏನೋ ಚಂದ್ರಕಾಂತ, ನಿಮ್ಮ ಹೊಲಕ್ಕ ಮುಯ್ಯಾಳು ಬಂದ್ರ ನಿಮ್ಮ ಮನಿ ಮಂದಿ ಬದುವಿನ ಮ್ಯಾಲ ಕುಂತು ನೋಡ್ತಾರೇನು?"

(ಪೇಟೆಯ ಓದುಗರಿಗೆ: ಮುಯ್ಯಾಳು ಎಂದರೆ ಇವತ್ತು ನೀವು ನಮ್ಮ ಹೊಲದಲ್ಲಿ ದುಡಿಯುವುದು, ನಾಳೆ ನಾವು ನಿಮ್ಮ ಹೊಲದಲ್ಲಿ. ಕೂಲಿ ಇಲ್ಲ, ಕೊಡುವುದು ತಗೊಳ್ಳುವುದು ದುಡಿತವೇ.)

"ಇಲ್ರಿ ಆಯಿ. ಎಲ್ಲಾರೂ ಕೂಡೇ ದುಡಿತೀವಿ."

"ಮತ್ತ ನಮ್ಮ ಅಶ್ವಿನಿಗೆ ಯಾಕ ಬದುವಿನ ಮ್ಯಾಲ ಕೂಡಿಸಿದಿ?"

"ಗೆಲ್ಲಬೇಕಲ್ರಿ ಆಯಿ."

"ಗೆದ್ದಾಕಿ ಅಂದೋಲಾದಾಕಿ. ನರೋಣಾ ಹ್ಯಾಂಗ ಗೆಲ್ತು?"

ಅವನು ಪಂಪು ಕೆಳಗಿಟ್ಟ.

"ಖರೇ ಹೇಳ್ಲೇನ್ರಿ? ಅಷ್ಟು ದೂರದಿಂದ ಕರಿಸಿ, ಹೊರಗ ಕೂಡಿಸಿದ್ರ ಅಂದೋಲಾದ ಮಂದಿ ಏನಂತಾರ? ನರೋಣಾದವ್ರಿಗೆ ರೀತಿ ರಿವಾಜ ಗೊತ್ತಿಲ್ಲ ಅನ್ನಂಗಿಲ್ಲೇನ್ರಿ? ನಿಮ್ಮ ಮನ್ಯಾಗ ನೀವು ಮೊದ್ಲು ಯಾರಿಗಿ ಊಟಕ್ಕ ಹಾಕಿದ್ರಿ, ಹೇಳ್ರಿ?"

ನಾನು ಬಂದ ದಾರಿಯಲ್ಲೇ ತಿರುಗಿದೆ. ವಾದ ಸೋಲುವುದು ವರ್ಷಕ್ಕೊಮ್ಮೆ ಆಗುತ್ತದೆ.

ಆದರೆ ಮನೆಗೆ ನಡೆಯುತ್ತಾ ಯೋಚನೆ ಮಾಡಿದೆ. ರೊಟ್ಟಿ ಬೇರೆ, ಆಟ ಬೇರೆ. ಬಂದವರು ಉಂಡ ಮೇಲೆ ರೊಟ್ಟಿ ಉಳಿಯದಿದ್ದರೆ ಇನ್ನೊಮ್ಮೆ ಹಿಟ್ಟು ನಾದಬಹುದು. ಆಟದ ಹೊತ್ತನ್ನು ನಾದಲು ಬರುತ್ತದೆಯೇ? ಬಂದವಳು ಎಲ್ಲವನ್ನೂ ಆಡಿದ ಮೇಲೆ ಅಶ್ವಿನಿಗೆ ತಂಗಳೂ ಉಳಿಯಲಿಲ್ಲ. ಇದು ಫುಟ್‌ಬಾಲಿನಲ್ಲಿ ಮಾತ್ರವಾ? ಶಾಲೆಯ ವಾರ್ಷಿಕ ಗ್ಯಾದರಿಂಗ್ ನೋಡಿ. ನಮ್ಮ ಹುಡುಗಿಯರು ತಿಂಗಳುಗಟ್ಟಲೆ ಡ್ಯಾನ್ಸ್ ಕಲಿಯುತ್ತಾರೆ. ಹೊರಗಿನಿಂದ ಬಂದ ಮುಖ್ಯ ಅತಿಥಿಗಳು ಮೈಕ್ ಹಿಡಿಯುತ್ತಾರೆ. ಅವರು ಬಿಡುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಡ್ಯಾನ್ಸ್ ಮಾಡದೆಯೇ ಹುಡುಗಿಯರು ಬಣ್ಣ ಬಳಿದ ಮುಖದಲ್ಲೇ ಮನೆಗೆ ಬರುತ್ತಾರೆ. ನಾವು ಅದಕ್ಕೂ "ಕಾರ್ಯಕ್ರಮ ಛಲೋ ಆತು" ಅನ್ನುತ್ತೇವೆ.

ತಿರುಗಿ ಗ್ರೌಂಡಿಗೆ ಹೋದೆ.

"ಮುಯ್ಯಾಳು ಬಂದು ಹೋದ್ಲು. ಇನ್ನ ಮುಯ್ಯಿ ತೀರಸೋದು ಯಾವಾಗ? ನಮ್ಮಾಕಿಗೂ ಎಲ್ಲಿಗರೆ ಆಡಾಕ ಕಳಸು," ಅಂದೆ.

ಚಂದ್ರಕಾಂತನ ಮುಖ ಅರಳಿತು. ಈ ಮುದುಕಿಯಿಂದ ಬಿಡುಗಡೆ ಸಿಕ್ಕಿತು ಅನ್ನಿಸಿರಬೇಕು. ಅಫಜಲಪುರದಲ್ಲಿ ಅವನ ಗೆಳೆಯನ ಟೀಮ್ ಇತ್ತು. ಅವರಿಗೆ ಎಡಗಡೆ ಆಡುವವಳು ಬೇಕಾಗಿದ್ದಳಂತೆ. ಅಲ್ಲೇ ಫೋನ್ ಮಾಡಿ ಮುಗಿಸಿದ.

ಅಶ್ವಿನಿಗೆ ಹೇಳಿದಾಗ ಅವಳು ಬೂಟು ತೊಳೆಯಲು ಕೂತಳು. ಆಡದೇ ಬಂದ ಬೂಟು, ಅದರಲ್ಲಿ ತೊಳೆಯುವುದು ಏನಿತ್ತೋ!

ಹುಡುಗಿಯನ್ನು ಒಬ್ಬಳನ್ನೇ ಕಳಿಸಲಾಗುತ್ತದೆಯೇ? ನಾನೂ ಹೊರಟೆ. ಕಲಬುರಗಿಯಲ್ಲಿ ಬಸ್ ಬದಲಿಸಿ ಅಫಜಲಪುರ ಮುಟ್ಟಿದೆವು. ಕಸ್ತೂರಬಾಯಿ ಎಂಬುವವರ ಮನೆಯಲ್ಲಿ ಇಳಿದುಕೊಳ್ಳುವ ವ್ಯವಸ್ಥೆ. ನನ್ನ ವಯಸ್ಸಿನ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೇ ನೀರು ತಂದರು. ಅವರ ಮೊಮ್ಮಗಳು ಸಹನಾ ಕೂಡ ಅದೇ ಟೀಮಿನವಳು.

ತಾಟು ಬಂದವು. ಎರಡೇ. ನನಗೊಂದು, ಅಶ್ವಿನಿಗೊಂದು. ಸಹನಾ ಬಾಗಿಲ ಹತ್ತಿರ ನಿಂತಿದ್ದಳು.

"ನೀನೂ ಬಾ ತಂಗಿ," ಅಂದೆ.

"ಆಕಿದೇನ್ರಿ ಅಕ್ಕಾರ, ಮನಿ ಹುಡುಗಿ. ಆಮ್ಯಾಲ ಉಣ್ತಾಳ," ಅಂದರು ಕಸ್ತೂರಬಾಯಿ. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಬಿತ್ತು.

ಆ ಹುಡುಗಿ ಎಡಗಡೆ ಆಡುವವಳೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆ ಕೇಳಿ ಯಾರು ಊಟ ಕೆಡಿಸಿಕೊಳ್ಳುತ್ತಾರೆ?

ಗ್ರೌಂಡಿನಲ್ಲಿ ಉತ್ತರ ತಾನಾಗಿಯೇ ಸಿಕ್ಕಿತು. ಅಶ್ವಿನಿ ಒಳಗೆ ಹೋದಳು, ಸಹನಾ ಬೆಂಚಿಗೆ ಹೋದಳು. ನಾನು ಮತ್ತು ಕಸ್ತೂರಬಾಯಿ ಒಂದೇ ಜಮಖಾನೆಯ ಮೇಲೆ ಕೂತೆವು.

ಅಶ್ವಿನಿ ಎಂಥ ಆಟ ಆಡಿದಳು ಅಂತೀರಿ! ಇಬ್ಬರನ್ನು ದಾಟಿ ಒಂದು ಗೋಲು ಹೊಡೆದಳು. ನಾನು ಎದ್ದು ನಿಂತು ಕೂಗಿದೆ. ಮೊಣಕಾಲು ನೋವು ಆಗ ನೆನಪಿರಲಿಲ್ಲ, ಕೂರುವಾಗ ನೆನಪಾಯಿತು. ಹಾಗೆ ಕೂರುವಾಗಲೇ ಕಂಡದ್ದು. ಬೆಂಚಿನ ಮೇಲೆ ಸಹನಾ ಬೂಟಿನ ಲೇಸ್ ಬಿಚ್ಚಿ ಕಟ್ಟುತ್ತಿದ್ದಳು.

ನರೋಣಾದಲ್ಲಿ ಅಷ್ಟು ನ್ಯಾಯ ಮಾತಾಡಿ ಬಂದವಳು ಈಗ ಸುಮ್ಮನೆ ಕೂತರೆ ಹೇಗೆ? ಸುಮ್ಮನೆ ಕೂರಲು ಬಹಳ ಮನಸ್ಸಿತ್ತು, ಸುಳ್ಳು ಯಾಕೆ ಹೇಳಲಿ? ಆದರೂ ಅರ್ಧ ಆಟ ಮುಗಿದಾಗ ಎದ್ದು ಅಲ್ಲಿನ ಕೋಚ್ ಹತ್ತಿರ ಹೋದೆ. ಪಾಪ, ಎಳೆಯ ಹುಡುಗ.

"ಸರ್, ನಮ್ಮಾಕಿ ಅರ್ಧ ಆಡಿದ್ಲು. ಉಳಿದಿದ್ದು ನಿಮ್ಮ ಸಹನಾಗ ಆಡಸ್ರಿ."

ಅವನು ಗಾಬರಿಯಾದ. "ಯಾಕ್ರಿ ಆಯಿ, ಏನರೆ ತಪ್ಪಾತೇನ್ರಿ? ಊಟಕ್ಕ ಏನರೆ ಕಮ್ಮಿ ಬಿತ್ತೇನ್ರಿ?"

"ಊಟ ಬಿಡು, ಹೊಟ್ಟಿ ಬಿರಿತದ. ಆ ಹುಡುಗಿನೂ ಆಡಾಕ ಬಂದಾಳಲ್ಲ?"

"ಗೆಸ್ಟಿಗೆ ಹೊರಗ ಕೂಡಿಸಿ ನಾ ಚಂದ್ರಕಾಂತ ಸರ್‌ಗೆ ಹ್ಯಾಂಗ ಮಾರಿ ತೋರಸ್ಲಿ?"

"ಮಾರಿ ನಾ ತೋರಸ್ತೀನಿ. ನೀ ಬದಲಿ ಮಾಡು."

ಮಾಡಿದ. ಹಿರಿಯರ ಮಾತು ಮೀರುವುದು ಅವನಿಗೂ ಕಷ್ಟವಾಯಿತು. ಸಹನಾ ಒಳಗೆ ಓಡಿದಳು, ಒಂದು ಲೇಸ್ ಕಟ್ಟುವುದು ಬಾಕಿ ಇತ್ತು. ಅಶ್ವಿನಿ ಬೆವರು ಸುರಿಸುತ್ತಾ ನನ್ನ ಮುಂದೆ ಬಂದು ನಿಂತಳು.

"ಯಾಕ ಆಯಿ? ನಾ ಏನ್ ಮಾಡೀನಿ?"

"ಏನೂ ಮಾಡಿಲ್ಲ. ನೀನು ಹೋದ ಸಲ ಏನ್ ಮಾಡಿದ್ದಿ, ಬೆಂಚಿನ ಮ್ಯಾಲ ಕುಂದ್ರಾಕ?"

"ಅಲ್ಲೂ ಕೂಡಿಸಿದ್ರು, ಇಲ್ಲೂ ಕೂಡಿಸಿದ್ರು. ನಿನ್ನ ನ್ಯಾಯಕ್ಕ ನಂದೇ ಆಟ ಸಿಗ್ತೇನು?"

ಬಾಟಲಿಯನ್ನು ನೆಲಕ್ಕೆ ಕುಕ್ಕಿ ದೂರ ಹೋಗಿ ಕೂತಳು.

ಹೋಗಲಿ, ಕಸ್ತೂರಬಾಯಿಗಾದರೂ ಖುಷಿಯಾಗಿರುತ್ತದೆ ಎಂದು ಜಮಖಾನೆಗೆ ಮರಳಿದೆ. ಅವರ ಮುಖ ಗಂಟಾಗಿತ್ತು.

"ಏನ್ ಮಾಡಿದ್ರಿ ಅಕ್ಕಾರ! ಗೆಲ್ಲಾಕತ್ತಿದ್ವಲ್ರಿ!"

"ನಿಮ್ಮ ಮೊಮ್ಮಗಳು ಆಡಾಕತ್ತಾಳಲ್ರಿ."

"ಆಕಿ ಮನಿ ಮುಂದ ದಿನಾ ಆಡ್ತಾಳ. ಇವತ್ತು ಗೆಲ್ಲೋದಿತ್ತು!"

ಗೆಲ್ಲಲಿಲ್ಲ. ಎದುರಿನವರು ಎರಡು ಗೋಲು ಹಾಕಿದರು. ಸಹನಾ ಅದ್ಭುತ ಮಾಡಿ ನನ್ನ ಮರ್ಯಾದೆ ಉಳಿಸಲಿಲ್ಲ. ಬಿದ್ದಳು, ಎದ್ದಳು, ಒಮ್ಮೆ ಚೆಂಡನ್ನು ಜಮಖಾನೆಗೇ ಒದ್ದಳು. ಮೊಣಕೈ ತರಚಿಕೊಂಡು ಹೊರಗೆ ಬಂದವಳು ಅಜ್ಜಿಗೆ ಮೊದಲು ಹೇಳಿದ್ದು, "ನಾ ಒದ್ದಿದ್ದು ನೋಡಿದಿಲ್ಲೋ?" ಕಸ್ತೂರಬಾಯಿ ನೋಡಿದ್ದರು. ಚೆಂಡು ಬಡಿದದ್ದು ಅವರಿಗೇ.

ಬಸ್ಸಿನಲ್ಲಿ ಅಶ್ವಿನಿ ಕಿಟಕಿ ಕಡೆ ಮುಖ ಮಾಡಿ ಕೂತಳು. ಶೇಂಗಾ ಕೊಟ್ಟೆ, ಬೇಡ ಅಂದಳು. ಅವಳದು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ನನ್ನದು ತಪ್ಪು ಎಂದೂ ಅನ್ನಿಸಲಿಲ್ಲ. ಇಬ್ಬರದೂ ಸರಿ ಇದ್ದಾಗ ಶೇಂಗಾ ಒಬ್ಬರೇ ತಿನ್ನಬೇಕಾಗುತ್ತದೆ.

ಮನೆ ಮುಟ್ಟಿದ ಮರುದಿನ ಚಂದ್ರಕಾಂತ ಬಂದ. ಸುದ್ದಿ ತಲುಪಿತ್ತು. ಕೂರಲಿಲ್ಲ, ಚಹಾ ಬೇಡ ಅಂದ.

"ಆಯಿ, ಬರೋ ಭಾನುವಾರ ಆಳಂದದಾಗ ಮತ್ತ ಮ್ಯಾಚ್ ಅದ. ರೇಣುಕಾ ಬರ್ತಾಳ. ಅರ್ಧ ಆಕಿ, ಅರ್ಧ ಅಶ್ವಿನಿ. ಎಲ್ಲಾ ಹುಡುಗ್ಯಾರಿಗೂ ಹಂಗೇ ಮಾಡ್ತೀನಿ. ಕಬೂಲ್ ಏನ್ರಿ?"

"ಇಷ್ಟು ಲಗೂನ ಬುದ್ಧಿ ಹ್ಯಾಂಗ ಬಂತೋ?"

"ಬುದ್ಧಿ ಅಲ್ರಿ, ಅಂಜಿಕಿ. ನೀವು ಅರ್ಧ ಆಟಕ್ಕ ಎದ್ದು ಬಂದ್ರ ಆಳಂದ ಮಂದಿ ಮುಂದ ನಾ ಏನ್ ಮಾಡ್ಲಿ?"

ರೂಲ್ಸ್ ಹುಟ್ಟುವುದು ಹೀಗೇ ಇರಬೇಕು. ನನಗೇನೂ ಬೇಸರವಿಲ್ಲ.

ಅವನು ಹೋದ ಮೇಲೆ ಅಶ್ವಿನಿ ಒಳಗಿನಿಂದ ಬಂದಳು. ಎರಡು ದಿನದ ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು.

"ಆಯಿ, ಯಾವ ಅರ್ಧ? ಮೊದ್ಲಿಂದೋ, ಕಡಿದೋ? ಕಡೀ ಅರ್ಧ ಆದ್ರ ಗೋಲು ಜಾಸ್ತಿ ಆಗ್ತಾವ. ಸರ್‌ಗೆ ಹೇಳು."

ಅರ್ಧ ಆಟ ನಾನು ಕೊಡಿಸಿದ್ದೇನೆ. ಯಾವ ಅರ್ಧ ಎಂದು ಕೇಳುವುದಕ್ಕಾದರೂ ಅವಳಿಗೆ ಸ್ವಂತ ಬಾಯಿ ಬೇಡವೇ?