ಕುಂಕುಮಕ್ಕೆ ಸಿಗದ ಸಿಪಿಯು

ಆಯುಧಪೂಜೆಯ ದಿನ ಕುಂಕುಮದ ಬಟ್ಟಲು ಹಿಡಿದು ಮೇಜಿನ ಕೆಳಗೆ ಬಗ್ಗಿ ನೋಡಿದೆ. ಸಿಪಿಯು ಡಬ್ಬವೇ ಕಾಣಲಿಲ್ಲ.

ಪಾಂಡವಪುರದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ನನ್ನ ಅಂಗಡಿಯಲ್ಲೇ ಟೈಪಿಂಗ್ ಕಲಿತ ಸವಿತಾ, ಈಗ ನನ್ನೆದುರೇ ಅಂಗಡಿ ತೆರೆದು, ಮೊದಲ ಪೂಜೆಗೆ ನೀವೇ ಕುಂಕುಮ ಇಡಬೇಕು ಅಂತ ಕರೆದಿದ್ದಳು. ಮಾನಿಟರಿನ ಜಾಗದಲ್ಲಿದ್ದ ಟಿವಿಗೆ ಇಟ್ಟೆ, ಕೀಬೋರ್ಡಿಗೆ ಇಟ್ಟೆ. ಟಿವಿಯಲ್ಲಿ ಥೇಟ್ ನನ್ನ ಕಂಪ್ಯೂಟರಿನಂತೆಯೇ ಅರ್ಜಿಯೊಂದು ತೆರೆದಿತ್ತು.

"ಅಲ್ಲೇನ್ ಉಡುಕ್ತೀರಣ್ಣ? ಇಲ್ಲೇ ಅದೆ ನೋಡಿ," ಎಂದು ಸವಿತಾ ಟಿವಿಯ ಹಿಂದಿನಿಂದ ಒಂದು ಫೋನು ಎತ್ತಿ ತೋರಿಸಿದಳು. ಅದರ ಗಾಜು ಒಡೆದು ಜೇಡರ ಬಲೆಯಾಗಿತ್ತು. "ಗುಜರಿಗಾಕು ಅಂದಿದ್ರಲ್ಲ ನೀವು, ಅದೇ ಫೋನು. ಕಂಪ್ಯೂಟರಿಗಾಕೋ ಲಿನಕ್ಸ್ ಸಾಫ್ಟ್‌ವೇರ್‌ನ ಇದ್ರೊಳಕ್ಕೇ ಆಕಿ, ಟಿವಿಗೆ ವೈರ್ ಕೊಟ್ಟಿವ್ನಿ. ಎಲ್ಲಾ ಕೆಲ್ಸನೂ ಇದೇ ಮಾಡ್ತದೆ."

ಅಂದಿದ್ದೆ, ನಿಜ. ಹೋದ ವರ್ಷ ಅವಳು ಆ ಫೋನು ತಂದಾಗ ಕೈಗೂ ತೆಗೆದುಕೊಳ್ಳದೆ ಅಂದಿದ್ದೆ. ಈಗ ಅದೇ ಒಡೆದ ಗಾಜಿನ ಮೇಲೆ ಕುಂಕುಮ ಇಟ್ಟೆ. ಅವಳು ಕೊಟ್ಟ ಕಡ್ಲೆಪುರಿಯನ್ನು ಜೇಬಿಗೆ ಹಾಕಿಕೊಂಡೆ. ನನ್ನ ಸಿಪಿಯುಗೆ ಎರಡು ಮೊಳ ಸೇವಂತಿಗೆ ಸುತ್ತಿ ಬೀಗುತ್ತಾ ಬಂದಿದ್ದೆ. ಅವಳ ಫೋನಿಗೆ ಒಂದೇ ಹೂವು ಸಾಕಾಗಿತ್ತು.

ಈಗ ಯಾರಾದರೂ ಒಡೆದ ಫೋನು ತಂದರೆ ಗುಜರಿಗೆ ಹಾಕಿ ಅನ್ನುವುದಿಲ್ಲ, "ಇಲ್ಲೇ ಬುಟ್ಟೋಗಿ" ಅನ್ನುತ್ತೇನೆ. ಡ್ರಾಯರಿನಲ್ಲಿ ಮೂರು ಸೇರಿವೆ. ಒಂದಕ್ಕೂ ಲಿನಕ್ಸ್ ಹಾಕಲು ನನ್ನ ಕೈಲಿ ಆಗಿಲ್ಲ. ರಸ್ತೆ ದಾಟಿ ಕೇಳಿದರೆ ಸವಿತಾ ನಗುನಗುತ್ತಲೇ ಹೇಳಿಕೊಡುತ್ತಾಳೆ, ಗೊತ್ತು. ಹೊಟ್ಟೆ ಉರಿಯುವುದೇ ಅದಕ್ಕೆ.