ಟಾಕಿಯ ಮೀನು

ಮೊನ್ನೆ ಅಡುಗೆಮನೆಯ ಅಟ್ಟ ತೆರವು ಮಾಡುವಾಗ ಗಾಜಿನ ಭರಣಿಯೊಂದು ಸಿಕ್ಕಿತು. ಕೊರಳಿಗೆ ತಂತಿ ಸುತ್ತಿ ಹಿಡಿಕೆ ಮಾಡಿದ್ದು. "ಉಪ್ಪಿನಕಾಯಿ ಹಾಕಾಕ ಬರ್ತೈತಿ, ಕೊಡ್ರಿ" ಎಂದಳು ಹೆಂಡತಿ. ನಾನು ಕೊಡಲಿಲ್ಲ. ಅದು ಸಿಸ್ಟರಮ್ಮನವರದು.

ಅವರು ಚರ್ಚಿನವರ ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಹುಟ್ಟಿದ್ದು ಹುಬ್ಬಳ್ಳಿ ಕಡೆಯೇ, ಆದರೆ ಬಹಳ ವರ್ಷ ಆಫ್ರಿಕಾದ ಹಳ್ಳಿಗಳಲ್ಲಿ ಚರ್ಚಿನ ಪರವಾಗಿ ಮಲೇರಿಯಾ ಕೆಲಸ ಮಾಡಿ ಬಂದವರು. ಸೊಳ್ಳೆಪರದೆ ಹಂಚಿದ್ದು, ಜ್ವರದ ಕೂಸುಗಳನ್ನು ಎತ್ತಿಕೊಂಡು ಓಡಿದ್ದು ಎಲ್ಲ ಹೇಳುತ್ತಿದ್ದರು. ಓಡಿಯೂ ತಡವಾದದ್ದನ್ನು ಮಾತ್ರ ಅರ್ಧಕ್ಕೇ ನಿಲ್ಲಿಸುತ್ತಿದ್ದರು… ನವಲಗುಂದ ತಾಲೂಕಿನ ನಮ್ಮ ಊರಲ್ಲಿ ಈ ಭರಣಿ ಹಿಡಿದು ಮನೆಮನೆ ತಿರುಗುತ್ತಿದ್ದರು. ಒಳಗೆ ಸೊಳ್ಳೆಮರಿ ತಿನ್ನುವ ಸಣ್ಣ ಮೀನು.

ಆ ವರ್ಷ ಊರಲ್ಲಿ ಚಳಿಜ್ವರ ಎದ್ದಿತ್ತು. ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನಮ್ಮಲ್ಲಿ ಬೋರಿನ ನೀರು ಸವಳು, ಬಾಯಿಗಿಡಲಾಗದು. ಸಿಹಿನೀರು ನಳಕ್ಕೆ ಬಂದ ದಿನ ಅಂಗಳದ ಟಾಕಿ ತುಂಬಿಸಿಕೊಂಡು ವಾರಗಟ್ಟಲೆ ಬಳಸಬೇಕು. ಸಿಸ್ಟರಮ್ಮ ಟಾಕಿಯ ಮುಚ್ಚಳ ಎತ್ತಿದರೆ ಒಳಗೆ ಹುಳಗಳು ಕುಣಿಯುತ್ತಿದ್ದವು. ನಾವು ಸೋಸಿಯೇ ಕುಡಿಯುತ್ತೇವೆ ಎಂದಳು ಅವ್ವ.

"ಕುಡ್ಯೂದರ ಅಂಜಿಕಿ ಅಲ್ರಿ. ರೆಕ್ಕಿ ಬಂದು ಹಾರತಾವಲ್ಲ, ಅದರದು. ಮೀನ ಬಿಡ್ತೀನ್ರಿ."

ಅಜ್ಜಿ ಅಡ್ಡ ಬಂದಳು. "ಶಿವಲಿಂಗದ ಮ್ಯಾಲ ಎರಿಯೂ ನೀರಾಗ ಮೀನಾ? ನಮ್ಮ ಮನ್ಯಾಗ ಆಗಂಗಿಲ್ರಿ."

"ಹಂಗಾರ ನೀರರ ಚೆಲ್ರಿ, ಅಮ್ಮಾರ."

"ಚೆಲ್ಲಿ ಏನ ಕುಡಿಯೂಣ್ರಿ?"

ಅಜ್ಜಿಯದು ಬರೀ ಮೊಂಡತನ ಎಂದು ನಾನೂ ಹೇಳಲಾರೆ. ಸಿಸ್ಟರಮ್ಮ ಕಟ್ಟೆಯ ಮೇಲೆ ಕೂತು, "ಆಫ್ರಿಕಾದಾಗ ಮಂದಿ ಸೊಳ್ಳಿಪರದೆ ಒಯ್ದು ಮೀನ ಹಿಡೀತಿದ್ರು, ಬೈದು ಕಸ್ಕೊಂಡ ಬರ್ತಿದ್ದೆ. ಇಲ್ಲೆ ಯಾರಿಗೆ ಬೈಲಿ?" ಎಂದರು. ಅಕ್ಕನಿಗೆ ಪರದೆಯೊಂದನ್ನು ಕೊಟ್ಟು, ಅಜ್ಜಿಯ ಮನಸ್ಸು ಕರಗಿದರೆ ಇರಲಿ ಎಂದು ಮೀನಿನ ಭರಣಿಯನ್ನು ಕಟ್ಟೆಯ ಮೇಲೆಯೇ ಬಿಟ್ಟುಹೋದರು.

ಪರದೆ ಮಲಗಿದಾಗಷ್ಟೇ. ಸಂಜೆಯ ಸೆಕೆಗೆ ಅಕ್ಕ ಟಾಕಿಯ ಬಾಜೂಕ್ಕೇ ಕೂರುತ್ತಿದ್ದಳು.

ಕೆಲವು ದಿನಗಳಲ್ಲಿ ಅವಳಿಗೂ ಚಳಿಜ್ವರ ಹತ್ತಿತು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಸಿಸ್ಟರಮ್ಮ ಚರ್ಚಿನ ಜೀಪು ತಂದರು. ಮಳೆಯಾಗಿ ಎರೆಮಣ್ಣು ಗಾಲಿಗೆ ಹತ್ತಿ ಜೀಪು ನಿಂತು ನಿಂತು ಹೋಯಿತು. ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಅವರು ಯೇಸುವನ್ನು ಕರೆದರು, ಅಜ್ಜಿ ಶಿವನನ್ನು ಕರೆದಳು. ದೊಡ್ಡ ಆಸ್ಪತ್ರೆ ಮುಟ್ಟಿದಾಗ ತಡವಾಗಿತ್ತು. ಮೊದಲು ಕೂಸು ಹೋಯಿತು, ಆಮೇಲೆ ಅಕ್ಕ…

ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ತಾನೇ ಭರಣಿ ಎತ್ತಿ ಮೀನುಗಳನ್ನು ಟಾಕಿಗೆ ಬಿಟ್ಟಳು. ಅಂದಿನಿಂದ ಬೋರಿನ ನೀರಲ್ಲೇ ಲಿಂಗಪೂಜೆ ಮಾಡತೊಡಗಿದಳು. ಮಾತಾಡಿಸಲು ಬಂದ ಸಿಸ್ಟರಮ್ಮನವರಿಗೆ ಹೇಳಿದಳು: "ಶಿವಗ ಸವಳ ನೀರೂ ನಡೀತಿತ್ರಿ. ನನಗ ಮೊದ್ಲ ತಿಳೀಲಿಲ್ಲ."

ಅವರು ಅಜ್ಜಿಯ ಕೈ ಹಿಡಿದುಕೊಂಡು ಅತ್ತರು. ನನಗೂ ಮೊದಲು ಹೊಳೆಯಲಿಲ್ಲ ಎಂದರು.

ಮುಂದೆ ಚರ್ಚಿನವರು ಅವರನ್ನು ಮತ್ತೆ ಆಫ್ರಿಕಾಕ್ಕೆ ಕಳಿಸಿದರು. ಅಲ್ಲೇ ಜ್ವರ ಬಂದು ತೀರಿಕೊಂಡರಂತೆ. ಯಾವ ಜ್ವರವೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಜ್ಜಿಯೂ ಹೋದಳು.

ಭರಣಿ ತೊಳೆದಿಟ್ಟು ಟಾಕಿಯ ಮುಚ್ಚಳ ಎತ್ತಿ ನೋಡಿದೆ. ಆ ಮೀನುಗಳ ಸಂತತಿ ಇನ್ನೂ ಇದೆ. ಹುಳ ಒಂದೂ ಇಲ್ಲ. ಯಾರಿಗೆ ತೋರಿಸಲಿ?